ಮಿತವ್ಯಯದ ಬೆಳಗಿನ ಉಪಾಹಾರ



ಉಪಾಹಾರದ ವಿಷಯವಾಗಿ ಭಾಷಣವೆಂದರೆ ನಿಮ್ಮಲ್ಲಿ ಕೆಲವರಿಗೆ ನಗೆ ಬರಬಹುದು. ಉಪ್ಪಿಟ್ಟು ಮಾಡುವುದನ್ನು ಹೇಳಲು ಒಬ್ಬರು ಬೇಕೆ, ಅದನ್ನು ಕೇಳಲು ಇಷ್ಟು ಮಂದಿ ಕುಳಿತುಕೊಳ್ಳಬೇಕೆ ಎಂದು ನೀವು ಕೇಳಿದರೆ ತಪ್ಪಲ್ಲ. ನಮ್ಮ ನಾಡಿನ ಮನೆಗಳಲ್ಲಿ ಉಪ್ಪಿಟ್ಟು ಮಾಡಲು ಬಾರದವರು ಬಹಳ ಜನ ಇರಲಾರರು. ಆದರೆ ಉಪ್ಪಿಟ್ಟು ಮಾಡಬಲ್ಲ ಮನೆಗಳಲ್ಲಿಯೇ ಎಷ್ಟೋ ದಿನ ಬೆಳಿಗ್ಗೆ ಒಲೆ ಹೊತ್ತುವುದು ಕಾಫಿಗೆ ಮಾತ್ರ. ಮಕ್ಕಳು ಎರಡು ಬಿಸ್ಕತ್ತನ್ನು ಕೈಯಲ್ಲಿ ಹಿಡಿದು ಶಾಲೆಯ ಬಸ್ಸಿಗೆ ಓಡುತ್ತಾರೆ. ಯಜಮಾನರು ದಾರಿಯಲ್ಲಿ ಏನನ್ನಾದರೂ ತಿಂದುಕೊಳ್ಳುವೆನೆಂದು ಹೊರಡುತ್ತಾರೆ. ಮನೆಯಾಕೆ ಏನು ತಿಂದಳೆಂಬುದನ್ನು ಯಾರೂ ಕೇಳುವುದಿಲ್ಲ. ತಿಂಗಳ ಕೊನೆಯ ವಾರವಾದರಂತೂ ಡಬ್ಬಿಗಳ ತಳ ಕಾಣುತ್ತದೆ, ‘ಮನೆಯಲ್ಲಿ ಏನೂ ಇಲ್ಲ’ ಎಂಬ ಮಾತು ಬರುತ್ತದೆ. ಆ ಮಾತು ಬಹುಮಟ್ಟಿಗೆ ನಿಜವಲ್ಲ. ಏನೂ ಇಲ್ಲವೆಂದ ಮನೆಯಲ್ಲಿ ಒಂದು ಪಾವು ರವೆಯೋ, ಎರಡು ಹಿಡಿ ಅವಲಕ್ಕಿಯೋ, ಅಷ್ಟು ರಾಗಿಹಿಟ್ಟೋ ಇದ್ದೇ ಇರುತ್ತದೆ. ಇರುವುದರಿಂದ ಏನು ಆಗುತ್ತದೆಂಬುದನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನಾವು ವಾಸವಾಗಿರುವುದು ಬೆಂಗಳೂರಿನ ಪೂರ್ವಭಾಗದಲ್ಲಿ. ಅದನ್ನು ಹಿರಿಯರು ‘ದಂಡು’ ಎಂದು ಕರೆಯುತ್ತಿದ್ದರು. ಇಂದಿಗೂ ಅಲ್ಲಿಯ ರೈಲ್ವೆ ನಿಲ್ದಾಣಕ್ಕೆ ಆ ಹೆಸರೇ ಇದೆ. 1809ರಲ್ಲಿ ಇಂಗ್ಲಿಷರ ಸೈನ್ಯವು ಬಂದು ನೆಲಸಿದಂದಿನಿಂದ ಈ ಭಾಗವು ಪೇಟೆಯಿಂದ ಬೇರೆಯಾಗಿಯೇ ಬೆಳೆಯಿತು. 1947ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳಿತು, 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದವು. ಆಡಳಿತ ಒಂದಾದರೂ ಒಲೆಗಳು ಒಂದಾಗಲಿಲ್ಲ. ಅದು ನಮ್ಮ ಭಾಗ್ಯವೆಂದೇ ಹೇಳಬೇಕು. ಶಿವಾಜಿನಗರದ ಉರ್ದು ಮಾತನಾಡುವ ಮನೆಗಳಲ್ಲಿ ಬೆಳಿಗ್ಗೆ ಅಕ್ಕಿಯೂ ಬೇಳೆಯೂ ಕೂಡಿದ ಖಿಚಡಿ, ಜೊತೆಗೆ ಹುಳಿಹುಳಿಯಾದ ಖಟ್ಟಾ. ಹಲಸೂರಿನ ತಮಿಳರ ಮನೆಗಳಲ್ಲಿ ರಾತ್ರಿ ನೀರು ಹಾಕಿಟ್ಟ ಅನ್ನ, ಮಜ್ಜಿಗೆ, ಸಣ್ಣ ಈರುಳ್ಳಿ. ತೆಲುಗು ಮಾತನಾಡುವವರಲ್ಲಿ ಹೆಸರುಕಾಳಿನ ಪೆಸರಟ್ಟು. ಆಂಗ್ಲೋ ಇಂಡಿಯನ್ನರ ಮನೆಗಳಲ್ಲಿ ಸೋಜಿಯ ಗಂಜಿ, ಎಷ್ಟೋ ವೇಳೆ ರಾಗಿಯ ಗಂಜಿಯೇ. ಅಲ್ಲಿಂದ ಪೂರ್ವಕ್ಕೆ ನಡೆದು ಕೃಷ್ಣರಾಜಪುರವನ್ನು ದಾಟಿದರೆ ಹೊಸಕೋಟೆ, ಕೋಲಾರಗಳ ಕಡೆಯ ರಾಗಿಯ ಸೀಮೆ. ಒಂದೇ ಬೀದಿಯಲ್ಲಿ ಐದು ಮನೆಗಳ ಬಾಗಿಲಲ್ಲಿ ನಿಂತು ಬೆಳಗಿನ ವಾಸನೆಯನ್ನು ಗಮನಿಸಿದರೆ ಮಿತವ್ಯಯದ ಪಾಠವು ಐದು ಭಾಷೆಗಳಲ್ಲಿ ದೊರೆಯುತ್ತದೆ. ಈ ತಿಂಡಿಗಳಲ್ಲಿ ಯಾವುದೂ ಸಿರಿವಂತರು ಕಂಡುಹಿಡಿದದ್ದಲ್ಲ. ಕೈಯಲ್ಲಿದ್ದುದರಿಂದ ಹಸಿವನ್ನು ಕಳೆಯಬೇಕಾದವರು ಕಂಡುಕೊಂಡವು.

ಕೊರತೆಯೇ ಕೆಲವು ವೇಳೆ ಹೊಸ ರುಚಿಯನ್ನು ಕಲಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿ ದುರ್ಲಭವಾದ ಆ ದಿನಗಳಲ್ಲಿ ನಮ್ಮ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಗೋಧಿರವೆಯಿಂದ ಇಡ್ಲಿಯನ್ನು ಮಾಡಿನೋಡಿದರೆಂದೂ, ರವೆ ಇಡ್ಲಿ ಹುಟ್ಟಿದ್ದು ಹೀಗೆಂದೂ ಹೇಳಿಕೊಂಡು ಬಂದಿದ್ದಾರೆ. ಇಂದು ಅದನ್ನು ತಿನ್ನುವವರು ಯಾರೂ ಅಕ್ಕಿಯ ಕೊರತೆಯನ್ನು ನೆನೆಯುವುದಿಲ್ಲ, ಗೋಡಂಬಿಯನ್ನು ಹುಡುಕುತ್ತಾರೆ. ಇಲ್ಲದ್ದನ್ನು ನೆನೆದು ಕೊರಗದೆ ಇರುವುದನ್ನು ಬಳಸಿದವರಿಗೆ ಒಂದು ಊರಿನ ಹೆಮ್ಮೆಯೇ ದಕ್ಕಿತು.

ಈಗ ಪ್ರಕೃತ ವಿಷಯಕ್ಕೆ ಬರೋಣ. ಅಗ್ಗದ ತಿಂಡಿ ಎಂದರೆ ಯಾವುದು? ಸಾಮಾನ್ಯವಾಗಿ ನಾವು ಸಾಮಾನಿನ ಬೆಲೆಯನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಆದರೆ ಪ್ರತಿಯೊಂದು ತಿಂಡಿಗೂ ಮೂರು ವೆಚ್ಚಗಳುಂಟು. ಮೊದಲನೆಯದು ದಿನಸಿಯದು. ಎರಡನೆಯದು ಉರುವಲಿನದು, ಸೌದೆ, ಇದ್ದಿಲು, ಸೀಮೆಎಣ್ಣೆಗಳ ಕಾಲ ಹೋಗಿ ಅನಿಲದ ಒಲೆ ಬಂದರೂ ಈ ವೆಚ್ಚ ಹೋಗಲಿಲ್ಲ. ಮೂರನೆಯದು ಅಡಿಗೆ ಮಾಡುವವರ ಹೊತ್ತು, ಅಂದರೆ ಅವರ ನಿದ್ರೆ. ಮೊದಲಿನ ಎರಡನ್ನು ಎಲ್ಲರೂ ಬರೆದಿಡುತ್ತಾರೆ. ಮೂರನೆಯದು ಯಾವ ಮನೆಯ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಎರಡು ರೂಪಾಯಿ ಉಳಿಸುವುದಕ್ಕಾಗಿ ಮನೆಯಾಕೆ ನಾಲ್ಕು ಗಂಟೆಗೆ ಏಳಬೇಕಾಗಿ ಬಂದರೆ ಅದು ಅಗ್ಗದ ತಿಂಡಿಯಲ್ಲ. ಅದರ ಬೆಲೆಯನ್ನು ಬೇರೊಬ್ಬರು ತೆತ್ತಿದ್ದಾರೆ, ಅಷ್ಟೆ.

ಈ ಮೂರನೆಯ ವೆಚ್ಚವು ನಮಗೆ ತಿಳಿದದ್ದು ಪುಸ್ತಕದಿಂದಲ್ಲ. ಅದನ್ನು ಹೇಳುವಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ. ಇಂದಿರಾನಗರದ ನಮ್ಮ ಮನೆಗೆ ಬೆಳಗಿನ ಅಡಿಗೆಗೆಂದು ಹೊಸಕೋಟೆಯ ಕಡೆಯ ಹೆಣ್ಣುಮಗಳೊಬ್ಬಳು ಬರುತ್ತಾಳೆ. ಈಗ ಆಕೆಯ ವಾಸ ಹಲಸೂರಿನಲ್ಲಿ. ಆರು ಗಂಟೆಗೆ ನಮ್ಮ ಮನೆ, ಏಳೂವರೆಗೆ ಇನ್ನೊಂದು, ಒಂಬತ್ತಕ್ಕೆ ಮತ್ತೊಂದು. ನಾಲ್ಕು ವರ್ಷ ಆಕೆ ಮಾಡಿದ ದೋಸೆಯನ್ನು ನಾವು ಬಿಸಿಬಿಸಿಯಾಗಿ ತಿಂದೆವು, ಚಟ್ನಿಗೆ ಉಪ್ಪು ಕಡಿಮೆಯಾದ ದಿನ ಹೇಳಿಯೂ ಹೇಳಿದೆವು. ಒಂದು ದಿನ ಆಕೆ ಕಾವಲಿಯ ಮುಂದೆ ನಿಂತಿದ್ದವಳು ಹಾಗೆಯೇ ಗೋಡೆಗೆ ಒರಗಿ ಕುಳಿತುಬಿಟ್ಟಳು. ನೀರು ಕೊಟ್ಟು, “ಏನಮ್ಮಾ, ತಿಂಡಿ ತಿಂದು ಬಂದಿಲ್ಲವೆ?” ಎಂದು ಕೇಳಿದೆವು. “ನನ್ನ ತಿಂಡಿ ಎಲ್ಲಿ ಬಂತಮ್ಮಾ! ಮೂರು ಮನೆ ಮುಗಿಸ್ಕೊಂಡು ಹನ್ನೊಂದು ಗಂಟೆಗೆ ಮನೆಗೆ ಹೋಗಿ ಏನಾದ್ರೂ ನೋಡ್ಕೋತೀನಿ” ಎಂದಳು. ನಾಲ್ಕು ವರ್ಷದಲ್ಲಿ ನಾವು ಆ ಪ್ರಶ್ನೆಯನ್ನು ಕೇಳಿದ್ದು ಅದೇ ಮೊದಲು. ಆಕೆಯ ಮನೆಯ ಮಕ್ಕಳು? ಅವರು ಬೇಕರಿಯ ಬನ್ನನ್ನು ತಿಂದು ಶಾಲೆಗೆ ಹೋಗುತ್ತಿದ್ದರು. ದಿನಸಿ ಇರಲಿಲ್ಲವೆಂದಲ್ಲ, ಪಡಿತರದ ಅಕ್ಕಿಯೂ ರಾಗಿಯೂ ಮನೆಯಲ್ಲಿದ್ದವು. ಅದನ್ನು ತಿಂಡಿಯಾಗಿ ಮಾಡಲು ಬೇಕಾದ ಹೊತ್ತು ಮಾತ್ರ ನಮ್ಮಂಥವರ ಮನೆಗಳಲ್ಲಿ ಖರ್ಚಾಗುತ್ತಿತ್ತು.

ಅಂದು ಮಾತಿನ ಮಧ್ಯೆ ಆಕೆಯೇ ಹುರಿಹಿಟ್ಟಿನ ಸುದ್ದಿ ತೆಗೆದಳು. “ನಮ್ಮಮ್ಮ ಡಬ್ಬಿ ತುಂಬ ಮಾಡಿಡೋರು. ಹೊಲಕ್ಕೆ ಹೋಗೋರು ಮಜ್ಜಿಗೇಲಿ ಕಲಸ್ಕೊಂಡು ತಿಂದು ಹೋಗೋರು. ಇಲ್ಲಿಗೆ ಬಂದ್ಮೇಲೆ ಬಿಟ್ಟೇಹೋಯ್ತು” ಎಂದಳು. ಮುಂದಿನ ಭಾನುವಾರ ಆಕೆ ಹೇಳಿಕೊಟ್ಟಳು, ನಾವು ಕಲಿತೆವು. ಅದನ್ನು ಮೊದಲು ಹೇಳುತ್ತೇವೆ.

ಒಂದು ಸೇರು ರಾಗಿಯನ್ನು ಕಲ್ಲು ಮಣ್ಣಿಲ್ಲದಂತೆ ಆರಿಸಿ, ತೊಳೆದು, ನೀರನ್ನು ಚೆನ್ನಾಗಿ ಬಸಿದು, ಒದ್ದೆಯ ಬಟ್ಟೆಯಲ್ಲಿ ಕೆಲವು ಗಂಟೆಗಳ ಕಾಲ ಮುಚ್ಚಿಡಬೇಕು. ಕಾಳು ಒಳಗೆ ತೇವವಾಗಿಯೂ ಹೊರಗೆ ಒಣಗಿದಂತೆಯೂ ಇರಬೇಕು. ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೊಂದು ಹಿಡಿಯನ್ನು ಮಾತ್ರ ಹಾಕಿ, ಬಟ್ಟೆಯ ಉಂಡೆಯಿಂದ ಬೇಗಬೇಗನೆ ಆಡಿಸಿದರೆ ಕಾಳು ಚಟಪಟನೆ ಸಿಡಿದು ಮಲ್ಲಿಗೆಯ ಮೊಗ್ಗಿನಂತೆ ಅರಳುತ್ತದೆ. ಒಮ್ಮೆಗೆ ಹೆಚ್ಚು ಹಾಕಿದರೆ ಅರಳುವುದಿಲ್ಲ, ಸೀಯುತ್ತದೆ. ಆರಿದ ಮೇಲೆ ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸಿ ಜರಡಿ ಹಿಡಿಯಬೇಕು. ಕಾಲುಭಾಗ ಹುರಿಗಡಲೆಯನ್ನು ಕೂಡಿಸಿದರೆ ರುಚಿಯೂ ಪುಷ್ಟಿಯೂ ಹೆಚ್ಚು. ಒಣಗಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಂದು ತಿಂಗಳು ಕೆಡದು. ಬೆಳಿಗ್ಗೆ ಇದಕ್ಕೆ ಒಲೆಯೇ ಬೇಡ. ಒಬ್ಬರಿಗೆ ನಾಲ್ಕು ದೊಡ್ಡ ಚಮಚ ಹಿಟ್ಟು; ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿದರೆ ದೊಡ್ಡವರಿಗೆ; ಹಾಲು, ಬೆಲ್ಲ, ಒಂದು ಚಿಟಿಕೆ ಏಲಕ್ಕಿ ಸೇರಿಸಿದರೆ ಮಕ್ಕಳಿಗೆ. ಕಲಸಲು ಬೇಕಾದ ಹೊತ್ತು ಒಂದು ಲೋಟ ಕಾಫಿ ಆರುವಷ್ಟು.

ರಾಗಿಯನ್ನು ಬಡವರ ಧಾನ್ಯವೆಂದು ನಗರದವರು ಬಹಳ ಕಾಲ ಹಿಂದಕ್ಕೆ ತಳ್ಳಿದ್ದರು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಅದೇ ರಾಗಿಯು ಅಂದದ ಪೊಟ್ಟಣಗಳಲ್ಲಿ ಕುಳಿತು ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ. ಪೊಟ್ಟಣವು ನಮಗೆ ಬೇಕಾಗಿಲ್ಲ; ಒಳಗಿನ ಗುಣವನ್ನು ಅರಿತರೆ ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದು 10 ಮಿಲಿಗ್ರಾಮಿನ ಆಸುಪಾಸು. ಬೆಳೆಯುವ ಮಕ್ಕಳ ಎಲುಬಿಗೆ ಇದಕ್ಕಿಂತ ಅಗ್ಗದ ಆಧಾರವನ್ನು ಅಂಗಡಿಯಲ್ಲಿ ಹುಡುಕುವುದು ಕಷ್ಟ.

ಒಲೆ ಬೇಡದ ತಿಂಡಿಗಳಲ್ಲಿ ಎರಡನೆಯದು ಅವಲಕ್ಕಿ. ಅಕ್ಕಿಯನ್ನು ಮೊದಲೇ ಬೇಯಿಸಿ ಕುಟ್ಟಿ ಮಾಡಿದ್ದಾದ್ದರಿಂದ ಅದರ ಬೆಂಕಿಯ ಕೆಲಸವನ್ನು ಬೇರೆಯವರು ಆಗಲೇ ಮುಗಿಸಿದ್ದಾರೆ. ತೆಳ್ಳನೆಯ ಅವಲಕ್ಕಿಗೆ ನೀರು ಚಿಮುಕಿಸಿದರೆ ಸಾಕು. ದಪ್ಪದ ಅವಲಕ್ಕಿಯನ್ನು ತೊಳೆದು, ನೀರು ಬಸಿದು, ಹತ್ತು ನಿಮಿಷ ಬಿಡಬೇಕು. ಮೊಸರು, ಉಪ್ಪು, ಹಸಿಮೆಣಸಿನಕಾಯಿ ಸೇರಿದರೆ ಮೊಸರವಲಕ್ಕಿ. ಬೆಲ್ಲ, ಬಾಳೆಹಣ್ಣು ಸೇರಿದರೆ ಸಿಹಿಯವಲಕ್ಕಿ. ಗೊಜ್ಜವಲಕ್ಕಿಗೆ ದಪ್ಪದ ಅವಲಕ್ಕಿಯನ್ನು ಸಣ್ಣ ರವೆಯಷ್ಟು ತರಿಯಾಗಿ ಒಡೆದು ಡಬ್ಬಿಯಲ್ಲಿಟ್ಟುಕೊಂಡಿರಬೇಕು. ಒಂದು ಲೋಟ ತರಿಗೆ ಮುಕ್ಕಾಲು ಲೋಟ ಹುಣಿಸೆನೀರು. ಅದರಲ್ಲಿಯೇ ಬೆಲ್ಲ, ಉಪ್ಪು, ಸಾರಿನ ಪುಡಿಯನ್ನು ಕರಗಿಸಿ ಸುರಿದು ಕಾಲು ಗಂಟೆ ಮುಚ್ಚಿಡಬೇಕು. ಅಷ್ಟರಲ್ಲಿ ಮಕ್ಕಳ ಸ್ನಾನ ಮುಗಿಯುತ್ತದೆ. ಆಮೇಲೆ ಸಾಸಿವೆ, ಕರಿಬೇವು, ಒಂದು ಹಿಡಿ ಕಡಲೆಕಾಯಿಬೀಜದ ಒಗ್ಗರಣೆ. ಕಡಲೆಕಾಯಿಬೀಜವನ್ನು ಅಲಂಕಾರಕ್ಕೆಂದು ನಾಲ್ಕು ಎಣಿಸಿ ಹಾಕಬೇಡಿರಿ. ಅದರ ತೂಕದಲ್ಲಿ ಕಾಲುಭಾಗದಷ್ಟು ಸಸಾರಜನಕವೇ ಇದೆ. ಅವಲಕ್ಕಿಯೊಂದನ್ನೇ ತಿಂದರೆ ಹತ್ತು ಗಂಟೆಗೆ ಮತ್ತೆ ಹಸಿವು. ಬೀಜ ಸೇರಿದರೆ ಮಧ್ಯಾಹ್ನದವರೆಗೆ ತಡೆಯುತ್ತದೆ.

ಇನ್ನು ಅಲ್ಪ ಬೆಂಕಿಯ ತಿಂಡಿಗಳು. ಇವುಗಳಲ್ಲಿ ಉಪ್ಪಿಟ್ಟಿಗೆ ಅಗ್ರಸ್ಥಾನವಿದ್ದರೂ ಅದಕ್ಕೆ ಬಂದಷ್ಟು ನಿಂದೆ ಬೇರಾವ ತಿಂಡಿಗೂ ಬಂದಿಲ್ಲ. ನಿಂದೆಗೆ ಕಾರಣ ರವೆಯಲ್ಲ, ಅವಸರ. ರವೆಯನ್ನು ಸರಿಯಾಗಿ ಹುರಿಯದೆ ನೀರಿಗೆ ಸುರಿದರೆ ಅದು ಅಂಟಾಗುತ್ತದೆ. ಬೆಳಿಗ್ಗೆ ಹುರಿಯಲು ಹೊತ್ತಿಲ್ಲವಷ್ಟೆ. ಆದ್ದರಿಂದ ವಾರಕ್ಕಾಗುವಷ್ಟನ್ನು ಒಮ್ಮೆಗೇ ಹುರಿದು, ಆರಿಸಿ, ಡಬ್ಬಿಗೆ ತುಂಬಿಡಿರಿ. ಏಳು ದಿನದ ಬೆಂಕಿ ಒಂದು ದಿನಕ್ಕೆ ಇಳಿಯುತ್ತದೆ, ಹುಳುವೂ ಬೇಗ ಬೀಳುವುದಿಲ್ಲ. ಮಧ್ಯಮ ರವೆ ಒಂದು ಲೋಟಕ್ಕೆ ಎರಡೂವರೆ ಲೋಟ ಕುದಿಯುವ ನೀರು. ಇನ್ನೂ ಸ್ವಲ್ಪ ತೇವವಿರುವಾಗಲೇ ಒಲೆಯನ್ನು ಆರಿಸಿ ಬಿಗಿಯಾಗಿ ಮುಚ್ಚಿದರೆ ಉಳಿದುದನ್ನು ಒಳಗಿನ ಹಬೆಯೇ ಐದು ನಿಮಿಷದಲ್ಲಿ ಮುಗಿಸುತ್ತದೆ. ರಾತ್ರಿ ನೆನಸಿದ ಒಂದು ಹಿಡಿ ಹೆಸರುಬೇಳೆಯನ್ನು ಒಗ್ಗರಣೆಯಲ್ಲಿಯೇ ಸೇರಿಸಿ ಬೇಯಿಸಿದರೆ ಅದು ಬರಿಯ ರವೆಯ ತಿಂಡಿಯಾಗಿ ಉಳಿಯುವುದಿಲ್ಲ. ಮಾರ್ಗಶಿರ, ಪುಷ್ಯಗಳಲ್ಲಿ ಸೊಗಡಿನ ಅವರೆಕಾಯಿ ಗಾಡಿಗಳಲ್ಲಿ ರಾಶಿ ಬೀಳುತ್ತದೆಯಷ್ಟೆ. ಆ ಎರಡು ತಿಂಗಳು ಅವರೆಕಾಳು ಹಾಕಿದ ಉಪ್ಪಿಟ್ಟನ್ನು ನಿಂದಿಸಿದವರನ್ನು ನಾವು ಇದುವರೆಗೆ ಕಂಡಿಲ್ಲ.

ಅಕ್ಕಿರೊಟ್ಟಿಗೂ ಇದೇ ಮಾತು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆಂದು ಅನೇಕರು ಕೈಬಿಟ್ಟಿದ್ದಾರೆ. ರೊಟ್ಟಿಯನ್ನು ತಣ್ಣನೆಯ ಕಾವಲಿಯ ಮೇಲೆಯೇ ತಟ್ಟಬೇಕಾದುದರಿಂದ ಒಂದೇ ಕಾವಲಿಯಿದ್ದವರು ಪ್ರತಿ ರೊಟ್ಟಿಗೂ ಕಾಯಬೇಕು. ಉಪಾಯ ಸುಲಭ: ಎರಡು ಕಬ್ಬಿಣದ ಕಾವಲಿಗಳಿರಲಿ. ಒಂದು ಒಲೆಯ ಮೇಲಿರುವಾಗ ಇನ್ನೊಂದರ ಬೆನ್ನಿಗೆ ನೀರು ಸುರಿದು, ಒರೆಸಿ, ಎಣ್ಣೆ ಸವರಿ ತಟ್ಟಿಕೊಳ್ಳುವುದು. ನಾಲ್ವರ ಮನೆಗೆ ಅರ್ಧ ಗಂಟೆಗೆ ಮೀರದು. ರಾತ್ರಿಯ ಅನ್ನ ಒಂದು ಹಿಡಿ ಉಳಿದಿದ್ದರೆ ಅದನ್ನು ಮಿದುಕಿ ಹಿಟ್ಟಿಗೆ ಸೇರಿಸಿರಿ. ರೊಟ್ಟಿ ಮೃದುವಾಗುತ್ತದೆ, ಅನ್ನವೂ ವ್ಯರ್ಥವಾಗುವುದಿಲ್ಲ. ಸಬ್ಬಸಿಗೆ, ಈರುಳ್ಳಿ, ತುರಿದ ಗಜ್ಜರಿ, ಯಾವುದಿದ್ದರೂ ಸರಿ. ರಾಗಿಹಿಟ್ಟಿಗೆ ನುಗ್ಗೆಸೊಪ್ಪನ್ನು ಕೂಡಿಸಿ ತಟ್ಟಿದರೆ ಅದರ ಗುಣವನ್ನು ವರ್ಣಿಸಲು ಬೇರೆಯದೊಂದು ಭಾಷಣವೇ ಬೇಕಾದೀತು.

ಮೂರನೆಯ ಬಗೆಯವು ರಾತ್ರಿಯೇ ಅರ್ಧ ಕೆಲಸ ಮುಗಿಯತಕ್ಕವು. ದೋಸೆಯೆಂದೊಡನೆ ಉದ್ದು, ಅಕ್ಕಿ, ರುಬ್ಬುವ ಶ್ರಮ ನೆನಪಿಗೆ ಬರುತ್ತದೆ; ಉದ್ದಿನಬೇಳೆಯ ಬೆಲೆಯೂ ನೆನಪಿಗೆ ಬರುತ್ತದೆ. ಒಂದು ಲೋಟ ಉದ್ದನ್ನು ನೆನಸಿ ನುಣ್ಣಗೆ ರುಬ್ಬಿ, ನಾಲ್ಕು ಲೋಟ ರಾಗಿಹಿಟ್ಟನ್ನು ಉಪ್ಪಿನೊಡನೆ ಕಲಸಿ ರಾತ್ರಿಯೆಲ್ಲಾ ಬಿಟ್ಟರೆ ಬೆಳಿಗ್ಗೆ ಒಳ್ಳೆಯ ದೋಸೆ; ಅಕ್ಕಿಯನ್ನು ನೆನಸಿ ರುಬ್ಬುವ ಕೆಲಸ ತಪ್ಪಿತು. ಹೆಸರುಬೇಳೆಯ ದೋಸೆಗೆ ಹುಳಿಯುವ ಕೆಲಸವೂ ಇಲ್ಲ. ಎರಡು ಗಂಟೆ ನೆನೆದರೆ ಸಾಕು. ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆಯೊಡನೆ ರುಬ್ಬಿ ಕೂಡಲೇ ಹುಯ್ಯಬಹುದು. ಅದರ ತೂಕದಲ್ಲಿ ಹೆಚ್ಚು ಕಡಿಮೆ ನಾಲ್ಕನೆಯ ಒಂದು ಪಾಲು ಸಸಾರಜನಕ. ಮಾಂಸ ಮೊಟ್ಟೆಗಳನ್ನು ತಿನ್ನದ ಮನೆಗಳವರು ವಾರಕ್ಕೆ ಎರಡು ದಿನವಾದರೂ ಇದನ್ನು ಮಾಡತಕ್ಕದ್ದು. ಅಕ್ಕಿಗೆ ಇಲ್ಲದ ಸತ್ತ್ವ ಬೇಳೆಯಲ್ಲಿಯೂ, ಬೇಳೆಗೆ ಇಲ್ಲದ್ದು ಅಕ್ಕಿಯಲ್ಲಿಯೂ ಇರುವುದರಿಂದ ಎರಡೂ ಒಂದೇ ಹೊತ್ತಿನಲ್ಲಿ ಸೇರಿದರೆ ಊಟವು ಪೂರ್ಣವಾಗುತ್ತದೆ. ಶಿವಾಜಿನಗರದ ಖಿಚಡಿಯೂ ಮೈಸೂರಿನ ಪೊಂಗಲೂ ಈ ಶಾಸ್ತ್ರವನ್ನು ಓದದೆಯೇ ಅರಿತಿದ್ದವು.

ಉಳಿದ ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ನಿಂಬೆಹಣ್ಣಿನ ಚಿತ್ರಾನ್ನವು ಅಗ್ಗದ ತಿಂಡಿಗಳಲ್ಲಿ ಸುಂದರವಾದುದು. ಆದರೆ ಬೆಂದ ಅನ್ನವನ್ನು ರಾತ್ರಿಯೆಲ್ಲಾ ಬೆಚ್ಚಗಿನ ಕೋಣೆಯಲ್ಲಿ ಪಾತ್ರೆಯಲ್ಲಿಯೇ ಬಿಟ್ಟರೆ ಅದರಲ್ಲಿ ವಿಷಕಾರಿಯಾದ ಸೂಕ್ಷ್ಮಜೀವಿಗಳು ಬೆಳೆಯಬಹುದು. ಆ ವಿಷವು ಮರುದಿನ ಬಿಸಿಮಾಡಿದ ಮಾತ್ರಕ್ಕೆ ಹೋಗುವುದಿಲ್ಲ. ಊಟವಾದ ಒಂದು ಗಂಟೆಯೊಳಗೆ ಅನ್ನವನ್ನು ಹರಡಿ ಆರಿಸಿ ಶೀತಕದ ಪೆಟ್ಟಿಗೆಯಲ್ಲಿಡಿರಿ. ವಾಸನೆ ಬದಲಾದ ಅನ್ನದ ಮೇಲೆ ಮಿತವ್ಯಯವನ್ನು ತೋರಿಸಬೇಡಿರಿ. ವೈದ್ಯರ ಶುಲ್ಕವು ಅನ್ನದ ಬೆಲೆಗಿಂತ ಹೆಚ್ಚು.

ದಂಡಿನ ಪ್ರದೇಶದವರಾಗಿ ಬ್ರೆಡ್ಡನ್ನು ಮರೆಯಲಾಗದು. ಅದು ತಾಜಾ ಇದ್ದಾಗ ಯಾರಾದರೂ ತಿನ್ನುತ್ತಾರೆ. ಎರಡು ದಿನದ ಬ್ರೆಡ್ಡೇ ಗೃಹಿಣಿಯ ಪರೀಕ್ಷೆ. ಬೂಸ್ಟು ಹಿಡಿಯದೆ ಬರಿದೆ ಒಣಗಿದ್ದರೆ ಅದನ್ನು ಚೂರುಮಾಡಿ, ಈರುಳ್ಳಿ ಟೊಮೇಟೊಗಳ ಒಗ್ಗರಣೆಯಲ್ಲಿ ಹೊರಳಿಸಿ, ಸ್ವಲ್ಪ ಮಜ್ಜಿಗೆ ಚಿಮುಕಿಸಿದರೆ ಹತ್ತು ನಿಮಿಷದ ತಿಂಡಿ. ಮೊಟ್ಟೆ ತಿನ್ನುವ ಮನೆಯವರು ಒಂದು ಮೊಟ್ಟೆಗೆ ಎರಡು ಚಮಚ ಕಡಲೆಹಿಟ್ಟು, ಸ್ವಲ್ಪ ನೀರು, ಈರುಳ್ಳಿ, ಕೊತ್ತಂಬರಿ ಸೇರಿಸಿ ಕಾವಲಿಗೆ ಹುಯ್ದರೆ ಒಬ್ಬರ ತಿಂಡಿ ಇಬ್ಬರಿಗಾಗುತ್ತದೆ.

ಚಟ್ನಿಗೆ ತೆಂಗಿನಕಾಯಿಯೇ ಬೇಕೆಂಬ ಹಟವನ್ನು ಬಿಟ್ಟರೆ ತಿಂಗಳ ಖರ್ಚು ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ಹುರಿಗಡಲೆ, ಕಡಲೆಕಾಯಿಬೀಜ, ಹುಣಿಸೆಹಣ್ಣು, ಒಣಮೆಣಸಿನಕಾಯಿ ಇಷ್ಟರಿಂದ ಒಳ್ಳೆಯ ಚಟ್ನಿಯಾಗುತ್ತದೆ. ಪುಡಿಯಾಗಿಯೇ ಮಾಡಿಟ್ಟರೆ ಹದಿನೈದು ದಿನದ ಚಿಂತೆ ತೀರಿತು. ಹೀರೆಕಾಯಿಯ ಸಿಪ್ಪೆ, ಮೂಲಂಗಿಯ ಸೊಪ್ಪು, ಕೊತ್ತಂಬರಿಯ ದಂಟು ಇವನ್ನು ತಿಪ್ಪೆಗೆ ಎಸೆಯುವವರು ಚಟ್ನಿಯನ್ನೇ ಎಸೆದಂತೆ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಗೆ ಬೆಳಿಗ್ಗೆ ಹೋದವರಿಗೆ ಚೆಲುವಾದ ತರಕಾರಿ ಸಿಕ್ಕುತ್ತದೆ; ಸಂಜೆ ಅಂಗಡಿ ಕಟ್ಟುವ ವೇಳೆಗೆ ಹೋದವರಿಗೆ ಒಂದು ಕಟ್ಟಿನ ಬೆಲೆಗೆ ಎರಡು ಕಟ್ಟು ಸೊಪ್ಪು ಸಿಕ್ಕುವುದೂ ಉಂಟು. ಚಟ್ನಿಗೆ ಹಾಕುವ ಸೊಪ್ಪಿಗೆ ಚೆಲುವಿನ ಅಗತ್ಯವಿಲ್ಲ.

ಇಲ್ಲಿ ಕಾಫಿ ಟೀಗಳ ಅಭಿಮಾನಿಗಳಿಗೆ ಒಂದು ವಿಜ್ಞಾಪನೆ. ನಾವೂ ಆ ಪಂಗಡದವರೇ. ಕಾಫಿಯಿಂದ ಹಸಿವು ಅಡಗುತ್ತದೆಯೇ ಹೊರತು ತೀರುವುದಿಲ್ಲ. ಅಲ್ಲದೆ ತಿಂಡಿಯ ಜೊತೆಯಲ್ಲಿಯೇ ಟೀಯನ್ನು ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದಂಶವು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಅದೇ ತಿಂಡಿಯ ಮೇಲೆ ಅರ್ಧ ನಿಂಬೆಹಣ್ಣನ್ನು ಹಿಂಡಿದರೆ ಹೆಚ್ಚು ಹತ್ತುತ್ತದೆ. ಒಂದು ಗಂಟೆಯ ಅಂತರವಿಟ್ಟರೆ ಎರಡೂ ಸುಖವನ್ನು ಕಳೆದುಕೊಳ್ಳದೆ ಇರಬಹುದು.

ಇಷ್ಟೆಲ್ಲವನ್ನೂ ನಿತ್ಯವೂ ಯೋಚಿಸಲು ಯಾರಿಂದ ಸಾಧ್ಯವೆಂದು ನೀವು ಕೇಳಬಹುದು. ನಿತ್ಯವೂ ಯೋಚಿಸಬಾರದೆಂದೇ ನಮ್ಮ ಸಲಹೆ. ಭಾನುವಾರ ಒಂದು ಗಂಟೆಯನ್ನು ಇದಕ್ಕೆಂದು ಮೀಸಲಿಡಿರಿ. ರವೆ ಹುರಿಯುವುದು, ಅವಲಕ್ಕಿಯನ್ನು ತರಿಮಾಡುವುದು, ಚಟ್ನಿಪುಡಿ ಕುಟ್ಟುವುದು, ತಿಂಗಳಿಗೊಮ್ಮೆ ಹುರಿಹಿಟ್ಟು ಮಾಡಿಸುವುದು. ಆ ಮೇಲೆ ಸೋಮವಾರ ಉಪ್ಪಿಟ್ಟು, ಮಂಗಳವಾರ ಹುರಿಹಿಟ್ಟು, ಬುಧವಾರ ಹೆಸರುಬೇಳೆಯ ದೋಸೆ, ಗುರುವಾರ ಗೊಜ್ಜವಲಕ್ಕಿ, ಶುಕ್ರವಾರ ರಾಗಿದೋಸೆ, ಶನಿವಾರ ಚಿತ್ರಾನ್ನ, ಭಾನುವಾರ ಅಕ್ಕಿರೊಟ್ಟಿ. ಈ ಏಳು ತಿಂಡಿಗಳಿಗೆ ಬೇಕಾದುವು ಎಂಟು ಹತ್ತು ಡಬ್ಬಿಗಳು; ಅವುಗಳಲ್ಲಿ ಯಾವುದೂ ದೊಡ್ಡ ಅಂಗಡಿಯಲ್ಲಿ ಮಾತ್ರ ಸಿಕ್ಕುವಂಥದಲ್ಲ.

ಮತ್ತೊಂದು ಆಕ್ಷೇಪ ಉಂಟು. ಮಕ್ಕಳು ಇವನ್ನು ಒಪ್ಪುವುದಿಲ್ಲ, ಪೊಟ್ಟಣದಲ್ಲಿ ಬರುವುದೇ ಬೇಕೆನ್ನುತ್ತಾರೆ ಎಂದು. ನಿಜ. ನಮ್ಮ ಅಡಿಗೆಯ ಹೆಣ್ಣುಮಗಳ ಹಿರಿಯ ಹುಡುಗನೂ ಮೊದಲ ದಿನ ಹುರಿಹಿಟ್ಟಿನ ಬಟ್ಟಲನ್ನು ದೂರ ತಳ್ಳಿ, “ಇದು ಹಳ್ಳಿಯವರ ತಿಂಡಿ” ಎಂದನಂತೆ. ಆದರೆ 2024ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ಹಾಲಿನೊಡನೆ ರಾಗಿಯ ಮಾಲ್ಟನ್ನು ಕೊಡುವ ಏರ್ಪಾಡು ಬಂದಿತು. ತರಗತಿಯ ಹುಡುಗರೆಲ್ಲರೂ ಒಟ್ಟಾಗಿ ಕುಡಿಯುತ್ತಿದ್ದುದನ್ನು ಮನೆಯಲ್ಲಿ ಒಲ್ಲೆನೆನ್ನಲು ಅವನಿಗೂ ಕಾರಣ ಉಳಿಯಲಿಲ್ಲ. ಮಕ್ಕಳು ರುಚಿಯನ್ನು ಒಲ್ಲೆನೆನ್ನುವುದಕ್ಕಿಂತ ಅವಮಾನವನ್ನು ಒಲ್ಲೆನೆನ್ನುವುದೇ ಹೆಚ್ಚು. ದೊಡ್ಡವರು ನಾವು ಅದೇ ಬಟ್ಟಲಿನಿಂದ ತಿಂದರೆ ಆ ಅವಮಾನವು ಹೋಗುತ್ತದೆ.

ಸಾರ್ವಜನಿಕ ಏರ್ಪಾಡುಗಳೂ ಸಹಾಯಕ್ಕೆ ಬಂದಿವೆಯೆಂಬುದನ್ನು ಹೇಳದಿರಲಾಗದು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ ಬೆಳಗಿನ ತಿಂಡಿಗೆ ಐದು ರೂಪಾಯಿ ಎಂದು ಗೊತ್ತುಮಾಡಿದ್ದರು. ಮನೆಯಿಂದ ಬರಿಹೊಟ್ಟೆಯಲ್ಲಿ ಹೊರಟ ಎಷ್ಟೋ ಕೂಲಿಯವರಿಗೆ ಅದು ಆಧಾರವಾಯಿತು. ಆದರೆ ಮೂರು ಮನೆಗಳ ನಡುವೆ ಓಡುವವರಿಗೆ ಸಾಲಿನಲ್ಲಿ ನಿಲ್ಲಲು ಹೊತ್ತೆಲ್ಲಿ? ಆ ಕೊರತೆಯನ್ನು ಸರ್ಕಾರವು ತುಂಬಲಾರದು. ಅವರು ಕೆಲಸ ಮಾಡುವ ಮನೆಯವರು ತುಂಬಬೇಕು.

ಈಗ ನಮ್ಮ ಮನೆಯಲ್ಲಿ ಒಂದು ನಿಯಮವಾಗಿದೆ. ಆರು ಗಂಟೆಗೆ ಆಕೆ ಬಂದೊಡನೆ ಮೊದಲು ಒಲೆ ಹೊತ್ತಿಸುವುದಿಲ್ಲ. ಮೇಜಿನ ಮೇಲೆ ಹುರಿಹಿಟ್ಟಿನ ಡಬ್ಬಿ, ಮಜ್ಜಿಗೆ, ಎರಡು ಬಟ್ಟಲು. ಒಂದು ಆಕೆಯದು, ಒಂದು ನಮ್ಮದು. ಐದು ನಿಮಿಷ. ಆಮೇಲೆ ಕೆಲಸ. ಭಾನುವಾರ ಹುರಿದ ರಾಗಿಯಲ್ಲಿ ಅರ್ಧ ಹಲಸೂರಿಗೆ ಹೋಗುತ್ತದೆ. ಆಕೆಯ ಮಕ್ಕಳು ತಾವೇ ಕಲಸಿಕೊಂಡು ತಿಂದು ಶಾಲೆಗೆ ಹೋಗುತ್ತಾರೆ. ಇದರಿಂದ ನಮಗೆ ತಗಲಿದ ಹೆಚ್ಚಿನ ಖರ್ಚನ್ನು ಬರೆದಿಟ್ಟು ನೋಡಿದೆವು. ಅದನ್ನು ಇಲ್ಲಿ ಹೇಳಲು ಸಂಕೋಚವಾಗುತ್ತದೆ. ಅಷ್ಟು ಅಲ್ಪವಾದುದಕ್ಕೆ ನಾಲ್ಕು ವರ್ಷ ಹಿಡಿಯಿತಲ್ಲಾ ಎಂದು.

ಆದಕಾರಣ, ಶ್ರೋತೃಗಳೇ, ರವೆಯ ಪ್ರಮಾಣವನ್ನು ಮರೆತರೂ ಚಿಂತೆಯಿಲ್ಲ. ಅದು ನಿಮಗೆ ಮೊದಲೇ ಗೊತ್ತಿತ್ತು. ನಾಳೆ ಬೆಳಿಗ್ಗೆ ನಿಮ್ಮ ಮುಂದೆ ತಟ್ಟೆ ಬಂದಾಗ, ಅದನ್ನು ತಂದಿಟ್ಟವರು ತಾಯಿಯಾಗಲಿ, ಹೆಂಡತಿಯಾಗಲಿ, ಕೆಲಸಕ್ಕೆ ಬಂದವರಾಗಲಿ, “ನಿಮ್ಮದಾಯಿತೆ?” ಎಂದು ಒಂದು ಮಾತು ಕೇಳಿರಿ. ಆಗಿಲ್ಲವೆಂಬ ಉತ್ತರ ಬಂದರೆ ಇನ್ನೊಂದು ಬಟ್ಟಲನ್ನು ತೆಗೆಯಿರಿ. ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಇದ್ದೇ ಇರುತ್ತದೆ.